ಗಾಜಿನ ಕಡಲಿಗೆ ಬಂದ ಹೊಸಬ

ಕಾಳಗ ನೋಡುವುದರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗಿದ್ದ ಆಸಕ್ತಿ ಸಾಮಾನ್ಯವಾದುದಲ್ಲ. ೧೧೨೯ರ ಸುಮಾರಿಗೆ ಆತ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗೆಂದೇ ಒಂದು ಭಾಗವಿದೆ. ಮಲ್ಲರ ಕಾಳಗ, ಆನೆಗಳ ಕಾಳಗ, ಕೋಳಿ, ಟಗರು, ಕೋಣಗಳ ಕಾಳಗ, ಕಡೆಗೆ ಮುಷ್ಟಿಯಲ್ಲಿ ಹಿಡಿಸುವ ಲಾವಕ್ಕಿಗಳ ಕಾಳಗ ಕೂಡ ಅಲ್ಲಿ ಬರುತ್ತದೆ. ಅದೇ ಭಾಗದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೂ ಉಂಟು. ಕಡಲಿನ ಮೀನು ಯಾವುದು, ಸಿಹಿನೀರಿನದು ಯಾವುದು, ಮೈಮೇಲೆ ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಏನು ತಿನಿಸು, ಗಾಳ ಹೇಗಿರಬೇಕು ಎಂಬುದನ್ನೆಲ್ಲ ದೊರೆ ಬಿಡಿಸಿ ಹೇಳಿದ್ದಾನೆ. ಆದರೆ ಅಲ್ಲಿ ಸೆಣಸಾಟವೆಲ್ಲ ಮೀನಿಗೂ ಗಾಳ ಹಿಡಿದವನಿಗೂ ನಡುವೆ. ಮೀನಿಗೂ ಮೀನಿಗೂ ನಡೆಯುವ ಕಾಳಗ, ಕೋಳಿಗಳದಕ್ಕಿಂತ ಕಡಮೆಯೇನೂ ಅಲ್ಲದ್ದು, ಆ ರಸಿಕನ ವಿನೋದಗಳ ಪಟ್ಟಿಗೆ ಸೇರಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ದಂಡೆಯ ಮೇಲೆ ಕುಳಿತವನಿಗೆ ನೀರು ತನ್ನ ಮೇಲ್ಮೈಯನ್ನಷ್ಟೇ ತೋರಿಸುತ್ತದೆ. ನಮ್ಮ ದಿಗ್ಗೇವಾಡಿ ಕೃಷ್ಣೆಯ ದಂಡೆಯ ಊರು. ಸೋಮೇಶ್ವರನ ಕಾಲಕ್ಕೆ ಈ ಸೀಮೆಯೂ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಹೊಳೆಯಲ್ಲಿ ಬಲೆ ಬೀಸುವವರನ್ನು ನೋಡುತ್ತ ನಾನು ಬೆಳೆದವನು. ಯಾವ ಮಡುವಿನ ಯಾವ ಬಂಡೆಯಡಿ ಯಾವ ಮೀನು ಕುಳಿತಿರುತ್ತದೆಂದು ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಅಲ್ಲಿಂದ ದೊಡ್ಡದೊಂದನ್ನು ಹಿಡಿದು ತೆಗೆದರೆ ನಾಲ್ಕು ದಿನದಲ್ಲಿ ಅದೇ ಬಂಡೆಯಡಿ ಇನ್ನೊಂದು ಬಂದು ಕೂಡುತ್ತದೆಂಬುದೂ ಅವರಿಗೆ ಗೊತ್ತಿತ್ತು. ಆ ಜಾಗಕ್ಕಾಗಿ ನೀರಿನೊಳಗೆ ಏನೇನು ನಡೆಯಿತೆಂಬುದನ್ನು ಮಾತ್ರ ಅವರೂ ಕಂಡವರಲ್ಲ. ಮೀನಿನ ಜಗಳ ಮನುಷ್ಯನ ಕಣ್ಣಿಗೆ ಬೀಳಬೇಕಾದರೆ ನಡುವೆ ಗಾಜು ಬರಬೇಕಾಯಿತು. ಗಾಜು ಬಂದದ್ದರಿಂದ ಜಗಳ ಕಂಡಿತು. ಅದೇ ಗಾಜಿನಿಂದಾಗಿ ಆ ಜಗಳ ಕೊಲೆಯೂ ಆಯಿತು. ಈ ಎರಡನೆಯ ಸಂಗತಿ ಚೆನ್ನಾಗಿ ಮನದಟ್ಟಾಗಲು ನೂರು ವರ್ಷ ಹಿಡಿಯಿತು. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಇಂಗ್ಲೆಂಡಿನಲ್ಲಿ ೧೮೪೫ರವರೆಗೆ ಗಾಜಿನ ಮೇಲೆ ಸರಕಾರದ ತೆರಿಗೆಯಿತ್ತು. ಅದು ಹೋದ ಮೇಲೆ ಗಾಜು ಅಗ್ಗವಾಯಿತು, ಮಧ್ಯಮ ವರ್ಗದವರ ಕೋಣೆಗಳಿಗೆ ಗಾಜಿನ ಪೆಟ್ಟಿಗೆಗಳು ಬಂದವು. ೧೮೪೬ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕಿ ಕಡಲತೀರದಿಂದ ಜೀವಂತ ಹವಳವನ್ನು ಲಂಡನ್ನಿಗೆ ಒಯ್ದು ಸಾಕಿದಳು. ನೀರು ಕೆಡದಂತೆ ಅವಳ ಮನೆಗೆಲಸದವಳು ತೆರೆದ ಕಿಟಕಿಯ ಬಳಿ ನಿಂತು ಆ ಉಪ್ಪುನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳಂತೆ, ನಮ್ಮಲ್ಲಿ ಚಹಾ ಆರಿಸುವ ಹಾಗೆ. ಇಂದಿನ ವಿದ್ಯುತ್ ಪಂಪಿನ ವಂಶಾವಳಿ ಬರೆಯುವುದಾದರೆ ಆ ಕೆಲಸದವಳ ಕೈಯಿಂದಲೇ ಆರಂಭಿಸಬೇಕು. ೧೮೫೦ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಮೀನು, ನೀರುಗಿಡ, ಬಸವನಹುಳು ಈ ಮೂರನ್ನೂ ಒಟ್ಟಿಗಿಟ್ಟರೆ ನೀರು ಬಹುಕಾಲ ತಿಳಿಯಾಗಿ ಉಳಿಯುವುದೆಂದು ತೋರಿಸಿದ. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜನ ನೋಡಲೆಂದು ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ನೆಲೆಗೊಂಡಿತು. ಕಡಲಿನಿಂದ ದೂರವಿದ್ದವರು ಲವಣಗಳನ್ನು ಬೆರೆಸಿ ಮನೆಯಲ್ಲೇ ಕಡಲನೀರು ಮಾಡಿಕೊಳ್ಳುವ ಬಗೆಯನ್ನೂ ಆತ ಪ್ರಕಟಿಸಿದ. ದಿಗ್ಗೇವಾಡಿಯಂಥ ಊರಿಗೆ ಮುಂದೊಂದು ದಿನ ಸಮುದ್ರ ಬರಲು ದಾರಿಯಾದದ್ದು ಅಲ್ಲಿ.

ಆ ತಲೆಮಾರಿನವರ ಚಿಂತೆಯೆಲ್ಲ ನೀರಿನದು. ನೀರು ಹಳಸಿತು, ಮೀನು ಸತ್ತಿತು. ಗಾಳಿ ಸಾಲಲಿಲ್ಲ, ಮೀನು ಸತ್ತಿತು. ಒಂದು ಮೀನು ಇನ್ನೊಂದನ್ನು ಕಚ್ಚಿ ಕೊಂದರೆ ಅದು ಆ ಜಾತಿಯ ದುಷ್ಟ ಸ್ವಭಾವವೆಂದು ಬರೆದಿಟ್ಟು, ಅಂಥದನ್ನು ತರಬೇಡಿರೆಂದು ಎಚ್ಚರಿಸಿ, ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಮೀನುಗಳಲ್ಲಿ ಸಜ್ಜನರು, ದುರ್ಜನರು ಎಂಬ ಈ ವಿಂಗಡಣೆ ಅಂಗಡಿಯವರ ಬಾಯಲ್ಲಿ ಇಂದಿಗೂ ಬದುಕಿದೆ.

ನಮ್ಮ ದೇಶಕ್ಕೆ ಈ ಹವ್ಯಾಸ ಸರಕಾರದ ಕಟ್ಟಡಗಳ ಮೂಲಕ ಬಂದಿತು. ಎಡ್ಗರ್ ಥರ್ಸ್ಟನ್ನನ ಪ್ರಯತ್ನದಿಂದ ಮದರಾಸಿನ ಮರೀನಾ ತೀರದಲ್ಲಿ ಕಡಲಮೀನುಗಳ ಮನೆ ೧೯೦೯ರಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿಹೋಯಿತು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯವನ್ನು ೧೯೫೧ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅದಕ್ಕೆ ಎರಡು ವರ್ಷ ಹಿಂದಿನವರೆಗೂ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಹೀಗಾಗಿ ಐದು ವರ್ಷದ ಮಟ್ಟಿಗೆ ಅದು ನಮ್ಮದೇ ರಾಜ್ಯದ ಮತ್ಸ್ಯಾಲಯ. ೧೯೫೬ರಲ್ಲಿ ರಾಜ್ಯಗಳ ಗಡಿಗಳು ಹೊಸದಾದಾಗ ಅದು ನೆರೆಮನೆಯವರದಾಯಿತು. ನಾನು ಅದನ್ನು ನೋಡಿದ್ದು ಎಪ್ಪತ್ತರ ದಶಕದಲ್ಲಿ, ಮಿರಜಿನಲ್ಲಿ ಗಾಡಿ ಬದಲಿಸಿ ಹೋಗಿ. ಹವಳದ ಬಂಡೆಯ ಮೀನುಗಳ ಬಣ್ಣ ನೋಡಿ ಬೆರಗಾದೆ. ಕುಂಕುಮ, ಅರಿಸಿನ, ನೀಲಿ. ಇಳಕಲ್ಲಿನ ಸೀರೆಗಳ ಅಂಗಡಿಯಲ್ಲಿ ನಿಂತಂತೆ. ಆ ಬಣ್ಣಕ್ಕೂ ಜಗಳಕ್ಕೂ ಸಂಬಂಧವಿದೆಯೆಂದು ಒಬ್ಬ ವಿಜ್ಞಾನಿ ಅಷ್ಟರಲ್ಲಿ ಬರೆದಾಗಿತ್ತು.

ಅವನಿಗಿಂತ ಮೊದಲು ಹೇಳಬೇಕಾದ ಹೆಸರು ನಿಕೊ ಟಿನ್‌ಬರ್ಗನ್‌ನದು. ಹಾಲೆಂಡಿನ ಲೈಡನ್ನಿನಲ್ಲಿ ಆತ ಸ್ಟಿಕಲ್‌ಬ್ಯಾಕ್ ಎಂಬ, ಬೆನ್ನ ಮೇಲೆ ಮುಳ್ಳುಗಳುಳ್ಳ ಪುಟ್ಟ ಮೀನನ್ನು ಸಾಕಿ ಗಮನಿಸುತ್ತಿದ್ದ. ಗೂಡು ಕಟ್ಟುವ ಕಾಲಕ್ಕೆ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಇನ್ನೊಂದು ಕೆಂಪು ಹೊಟ್ಟೆ ಕಂಡರೆ ಮೇಲೆ ಬೀಳುತ್ತದೆ. ಕಿಟಕಿಯಾಚೆ ಬೀದಿಯಲ್ಲಿ ಅಂಚೆಯ ಕೆಂಪು ಮೋಟಾರು ಹೋದರೂ ಅವು ಗಾಜಿಗೆ ಮೂತಿಯೊಡ್ಡಿ ಹಾಯುತ್ತಿದ್ದವಂತೆ. ನಮಗಿಲ್ಲಿ ಮುಖ್ಯವಾದದ್ದು ಆತನ ಇನ್ನೊಂದು ಪ್ರಯೋಗ. ಒಂದೇ ತೊಟ್ಟಿಯ ಎರಡು ತುದಿಗಳಲ್ಲಿ ಎರಡು ಗಂಡುಗಳು ತಮ್ಮ ತಮ್ಮ ಗೂಡು ಕಟ್ಟಿಕೊಂಡಿವೆ. ಎರಡನ್ನೂ ಒಂದೊಂದು ಗಾಜಿನ ಕೊಳವೆಯಲ್ಲಿ ಹಾಕಿ ಮೊದಲನೆಯದರ ಗೂಡಿನ ಬಳಿ ತಂದರೆ, ಮೊದಲನೆಯದು ಗಾಜನ್ನು ಒಡೆಯುವಂತೆ ಹಾಯುತ್ತದೆ, ಎರಡನೆಯದು ಓಡಿಹೋಗಲು ಒದ್ದಾಡುತ್ತದೆ. ಅದೇ ಎರಡು ಕೊಳವೆಗಳನ್ನು ಆಚೆಯ ತುದಿಗೆ ಒಯ್ದರೆ ಪಾತ್ರಗಳು ಅದಲುಬದಲು: ಹೇಡಿ ಹುಲಿಯಾಗುತ್ತದೆ, ಹುಲಿ ಹೇಡಿಯಾಗುತ್ತದೆ. ಮೀನು ಅದೇ, ಮೈಕಟ್ಟು ಅದೇ. ಬದಲಾದದ್ದು ನಿಂತ ನೆಲ. ಸಜ್ಜನ ದುರ್ಜನರ ಲೆಕ್ಕವನ್ನು ಅಳಿಸಿಹಾಕಲು ಈ ಒಂದು ಪ್ರಯೋಗ ಸಾಕು.

ಇನ್ನು ಆ ಬಣ್ಣದ ವಿಜ್ಞಾನಿ, ಆಸ್ಟ್ರಿಯದ ಕಾನ್ರಾಡ್ ಲೊರೆಂಜ್. ೧೯೬೩ರಲ್ಲಿ ಜರ್ಮನ್ ಭಾಷೆಯಲ್ಲಿ, ೧೯೬೬ರಲ್ಲಿ ಇಂಗ್ಲಿಷಿನಲ್ಲಿ ಬಂದ ಆತನ ಆಕ್ರಮಣಶೀಲತೆಯ ಪುಸ್ತಕ ಆರಂಭವಾಗುವುದೇ ಹವಳದ ಮೀನುಗಳಿಂದ. ಫ್ಲಾರಿಡಾದ ಕಡಲಲ್ಲಿ ಮುಖಕ್ಕೆ ಗಾಜು ಕಟ್ಟಿಕೊಂಡು ಈಜಿ, ಮನೆಯ ತೊಟ್ಟಿಗಳ ಮುಂದೆ ಕುಳಿತು, ಆತ ಕಂಡದ್ದಿಷ್ಟು: ಭಿತ್ತಿಪತ್ರದಂತೆ ಬಣ್ಣ ಹೊತ್ತ ಮೀನು ಬೇರೆ ಜಾತಿಯವರನ್ನು ಬಹುಮಟ್ಟಿಗೆ ತನ್ನ ಪಾಡಿಗೆ ಬಿಡುತ್ತದೆ, ತನ್ನಂತೆಯೇ ಬಣ್ಣವುಳ್ಳ ಸ್ವಜಾತಿಯವನನ್ನು ಮಾತ್ರ ಸಹಿಸದು. ಒಂದೇ ಹೊಟ್ಟೆಪಾಡಿನ ಇಬ್ಬರಿಗೆ ಒಂದೇ ಬಂಡೆ ಸಾಲದು. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇಂದು ಮುಳುಗುವವರು ಇಂಥ ಮೀನುಗಳನ್ನು ಕರ್ನಾಟಕದ ನೀರಿನಲ್ಲೇ ನೋಡಬಹುದು. ಕಡಲಿನಲ್ಲಿ ಆ ಜಗಳ ಕ್ಷಣಮಾತ್ರದ್ದು. ಹೊಸಬ ಗಡಿ ದಾಟುತ್ತಾನೆ, ಹಳಬ ನುಗ್ಗುತ್ತಾನೆ, ಹೊಸಬ ನಾಲ್ಕು ಮಾರು ಆಚೆ ಹೋಗುತ್ತಾನೆ. ಅಲ್ಲಿಗೆ ವ್ಯಾಜ್ಯ ಮುಗಿಯಿತು. ಮೂರು ಅಡಿಯ ತೊಟ್ಟಿಯಲ್ಲಿ ಆ ನಾಲ್ಕು ಮಾರು ಎಲ್ಲಿಂದ ಬರಬೇಕು? ಸೋತೆನೆಂದು ಹೊರಟವನು ಗಾಜಿಗೆ ತಾಗಿ ಮತ್ತೆ ಗೆದ್ದವನ ಅಂಗಳದಲ್ಲೇ ಬೀಳುತ್ತಾನೆ. ಶರಣಾದವನು ತೊಲಗದೆ ನಿಂತದ್ದು ಗೆದ್ದವನಿಗೆ ಹೊಸ ಸವಾಲಾಗಿ ತೋರುತ್ತದೆ. ಕಡಲು ಓಡಿಸಿ ಬಿಡುತ್ತಿದ್ದುದನ್ನು ಗಾಜು ಕೊಲ್ಲಿಸುತ್ತದೆ.

ಲೊರೆಂಜ್ ಮೀನಿನಲ್ಲಿ ನಿಲ್ಲಲಿಲ್ಲ. ಅಲ್ಲಿಂದ ಮನುಷ್ಯರ ಯುದ್ಧಗಳವರೆಗೆ ಜಿಗಿದ. ಆ ಜಿಗಿತವನ್ನು ಅನೇಕ ವಿದ್ವಾಂಸರು ಆಗಲೇ ಖಂಡಿಸಿದರು, ೧೯೭೩ರಲ್ಲಿ ಅವನಿಗೂ ಟಿನ್‌ಬರ್ಗನ್‌ನಿಗೂ ಫಾನ್ ಫ್ರಿಶ್‌ನಿಗೂ ನೊಬೆಲ್ ಬಂದ ಮೇಲೂ ಖಂಡಿಸುತ್ತಲೇ ಇದ್ದರು. ಗಡಿಯ ಸೀಮೆಯಲ್ಲಿ ಹುಟ್ಟಿದ ನನಗೂ ಆ ಜಿಗಿತ ಒಪ್ಪಿಗೆಯಿಲ್ಲ. ಮೀನು ಮಹಾಜನ ಆಯೋಗವನ್ನು ಕೇಳುವುದೂ ಇಲ್ಲ, ಅದರ ವರದಿ ಬಂದ ಮೇಲೆ ಬೇಡವೆನ್ನುವುದೂ ಇಲ್ಲ. ಮೀನಿನ ಮಾತನ್ನು ಮೀನಿಗೇ ಬಿಡೋಣ.

ಮೀನಿನ ವಿಷಯದಲ್ಲಿಯೂ ಆತನ ಮಾತು ಪೂರ್ತಿ ನಿಲ್ಲಲಿಲ್ಲ. ೧೯೭೪ರಲ್ಲಿ ಮೈರ್‌ಬರ್ಗ್ ಮತ್ತು ಥ್ರೆಶರ್ ಎಂಬಿಬ್ಬರು ಡ್ಯಾಮ್ಸೆಲ್ ಎಂಬ ಮೀನನ್ನು ಪರೀಕ್ಷಿಸಿ, ಅದಕ್ಕೆ ಇರುವುದು ಒಂದೇ ಗಡಿಯಲ್ಲವೆಂದು ತೋರಿಸಿದರು. ಸ್ವಜಾತಿಯವನನ್ನು ಅದು ಬಹು ದೂರದಲ್ಲೇ ತಡೆಯುತ್ತದೆ. ಬೇರೆಯವರನ್ನು ಅವರವರ ಯೋಗ್ಯತೆ ನೋಡಿ ಇನ್ನಷ್ಟು ಹತ್ತಿರಕ್ಕೆ ಬಿಡುತ್ತದೆ. ಅಂದರೆ ಒಂದೊಂದು ಜಾತಿಗೆ ಒಂದೊಂದು ಬೇಲಿ. ಕಡಲಗುಲಾಬಿಯಲ್ಲಿ ವಾಸಿಸುವ ಕಿತ್ತಳೆ ಬಣ್ಣದ ಕ್ಲೌನ್ ಮೀನಿನದು ಮತ್ತೂ ವಿಚಿತ್ರ. ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಅವಳ ಗಂಡ, ಉಳಿದವು ಸರದಿಯಲ್ಲಿ ಕಾದು ನಿಂತವು. ಒಡತಿ ಸತ್ತರೆ ಗಂಡನೇ ಹೆಣ್ಣಾಗುತ್ತಾನೆಂಬುದು ೧೯೭೭ರಲ್ಲಿ ಪ್ರಕಟವಾಯಿತು. ಸರದಿಯಲ್ಲಿ ಹಿಂದಿರುವುದು ಮುಂದಿನದಕ್ಕಿಂತ ದೊಡ್ಡದಾಗಿ ಬೆಳೆಯದಂತೆ ತನ್ನ ಮೈಯನ್ನೇ ಹಿಡಿದಿಡುತ್ತದೆ, ಇಲ್ಲವಾದರೆ ಹೊರದೂಡುತ್ತಾರೆ ಎಂದು ೨೦೦೩ರಲ್ಲಿ ಪೀಟರ್ ಬಸ್ಟನ್ ತೋರಿಸಿದ. ತೊಟ್ಟಿಗೆ ಎರಡನೆಯ ಕ್ಲೌನನ್ನು ತರುವವರು ಮೊದಲಿನದಕ್ಕಿಂತ ಸ್ಪಷ್ಟವಾಗಿ ಚಿಕ್ಕದನ್ನೇ ಆರಿಸುವ ರೂಢಿಗೆ ಆಧಾರ ಇದೇ. ಸಮಾನ ಗಾತ್ರದವರು ಬಂದರೆ ಪಟ್ಟಕ್ಕಾಗಿ ಹೊಡೆದಾಟ ತಪ್ಪಿದ್ದಲ್ಲ.

ಇಷ್ಟೆಲ್ಲ ಪುಸ್ತಕದ ಮಾತು ನನಗೆ ಕಣ್ಣೆದುರು ಬಂದದ್ದು ನಮ್ಮ ಊರಿನಲ್ಲೇ. ನನ್ನ ಅಣ್ಣನ ಮಗ ಕೆಲವು ವರ್ಷಗಳಿಂದ ಪಡಸಾಲೆಯ ಗೋಡೆಗೆ ಇನ್ನೂರು ಲೀಟರಿನ ತೊಟ್ಟಿ ಇಟ್ಟಿದ್ದಾನೆ. ಕೃಷ್ಣೆಯ ನೀರನ್ನು ಶುದ್ಧಿ ಯಂತ್ರದಲ್ಲಿ ಹಾಯಿಸಿ, ಲೀಟರಿಗೆ ಸುಮಾರು ೩೫ ಗ್ರಾಂ ಲೆಕ್ಕದಲ್ಲಿ ಪೊಟ್ಟಣದ ಕಡಲುಪ್ಪು ಬೆರೆಸಿದರೆ ಏಳು ಕಿಲೋ ಉಪ್ಪಿಗೆ ಒಂದು ಸಮುದ್ರವಾಯಿತು. ಕರೆಂಟು ಹೋದಾಗ ಆನಾ ಥಿನ್ನಳ ಕೆಲಸದವಳ ಪಾಳಿ ನಮ್ಮ ವೈನಿಯವರಿಗೆ ಬರುತ್ತದೆ. ಅವರು ಬೈದುಕೊಳ್ಳುತ್ತಲೇ ತಂಬಿಗೆಯಿಂದ ನೀರು ಎತ್ತಿ ಸುರಿಯುತ್ತಾರೆ. ಹುಡುಗ ಮೊದಲು ತಂದದ್ದು ನೀಲಿ ಬಣ್ಣದ ಒಂದು ಡ್ಯಾಮ್ಸೆಲ್. ಅಗ್ಗದ್ದು, ಗಟ್ಟಿ ಜೀವ, ಸಾಯುವುದಿಲ್ಲವೆಂದು ಹೊಸಬರೆಲ್ಲ ಮೊದಲು ತರುವುದು ಅದನ್ನೇ. ಹೆಸರು ಕನ್ಯೆಯೆಂದಾದರೂ ದರ್ಪ ಊರಗೌಡರದು. ಎರಡು ಇಂಚಿನ ಆ ಮೀನು ಆರು ತಿಂಗಳಲ್ಲಿ ತೊಟ್ಟಿಯ ಪ್ರತಿಯೊಂದು ಕಲ್ಲನ್ನೂ ತನ್ನ ಹೆಸರಿಗೆ ಮಾಡಿಕೊಂಡಿತ್ತು. ಆಮೇಲೆ ಬಂದದ್ದು ಫೈರ್‌ಫಿಶ್. ಮುಂದರ್ಧ ಬಿಳಿ, ಹಿಂದರ್ಧ ಕೆಂಡ, ಬಹಳ ಅಂಜುಬುರುಕ. ಸಂಜೆ ಬಿಟ್ಟರು. ಬೆಳಿಗ್ಗೆ ಅದು ತೊಟ್ಟಿಯಲ್ಲಿರಲಿಲ್ಲ. ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ಒಣಗಿತ್ತು. ಓಡಲು ನೀರಿನಲ್ಲಿ ದಾರಿಯಿಲ್ಲದ್ದು ಗಾಳಿಗೆ ಹಾರಿತ್ತು.

ಹುಡುಗ ಎರಡು ದಿನ ಊಟ ಬಿಟ್ಟ. ಡ್ಯಾಮ್ಸೆಲನ್ನು ಯಾರಿಗಾದರೂ ಕೊಟ್ಟುಬಿಡು ಎಂದರು ಹಲವರು. ದಾರಿ ತೋರಿಸಿದವನು ಮೀನನ್ನು ಕಂಡರಾಗದ ನಮ್ಮಣ್ಣ. “ಚಿಂಚಲಿ ಜಾತ್ರ್ಯಾಗ ತಂದ ಎತ್ತನ್ನ ಅವತ್ತ ಹಳೇ ಎತ್ತಿನ ಮಗ್ಗಲ ಕಟ್ಟಿದ್ರ ಇರೀತೈತಿ. ನಾಕ ದಿನ ಕಾಣೂವಂಗ ದೂರ ಕಟ್ಟು, ಆಮ್ಯಾಲ ಕೂಡಸು” ಎಂದ. ಟಿನ್‌ಬರ್ಗನ್‌ನ ಗಾಜಿನ ಕೊಳವೆಯೂ ನಮ್ಮಣ್ಣನ ದನದ ಮನೆಯ ಗೂಟವೂ ಒಂದೇ ಮಾತನ್ನು ಹೇಳುತ್ತವೆ. ಹವ್ಯಾಸಿಗಳು ಅದಕ್ಕೆಂದೇ ತೂತುಗಳುಳ್ಳ ಪಾರದರ್ಶಕ ಪೆಟ್ಟಿಗೆಯನ್ನು ಬಳಸುತ್ತಾರೆ. ತೊಟ್ಟಿಯೊಳಗೆ ತೂಗುಬಿಟ್ಟ ಆ ಪೆಟ್ಟಿಗೆಯಲ್ಲಿ ಹೊಸಬನು ಅದೇ ನೀರು ಕುಡಿದು, ಅದೇ ಹೊತ್ತಿಗೆ ಉಂಡು, ಹಳಬನ ಕಣ್ಣಿಗೆ ದಿನವೂ ಬೀಳುತ್ತಾನೆ, ಹಲ್ಲಿಗೆ ಸಿಗುವುದಿಲ್ಲ. ಎರಡನೆಯ ಫೈರ್‌ಫಿಶ್ ಬಂದಾಗ (ಈ ಸಲ ತೊಟ್ಟಿಗೆ ಜಾಳಿಗೆಯ ಮುಚ್ಚಳವೂ ಬಂದಿತು) ಡ್ಯಾಮ್ಸೆಲ್ ಮೊದಲ ದಿನವೆಲ್ಲ ಪೆಟ್ಟಿಗೆಯ ಗೋಡೆಗೆ ಗುದ್ದಿತು. ಎರಡನೆಯ ದಿನ ಹುಡುಗ ಗಾಜಿನ ಹೊರಗೊಂದು ಚಿಕ್ಕ ಕನ್ನಡಿ ಒರಗಿಸಿದ. ಅದು ತನ್ನ ನೆರಳಿನೊಂದಿಗೇ ಮಧ್ಯಾಹ್ನದವರೆಗೆ ಕಾದಾಡಿತು. ನಾಲ್ಕನೆಯ ದಿನಕ್ಕೆ ಪೆಟ್ಟಿಗೆಯ ಪಕ್ಕದಲ್ಲಿ ಹಾಯ್ದುಹೋದರೂ ತಿರುಗಿ ನ���ಡಲಿಲ್ಲ.

ಆರನೆಯ ದಿನ ರಾತ್ರಿ ನಾನೂ ಅಲ್ಲಿದ್ದೆ. ಹುಡುಗ ಮೊದಲು ಬಲೆ ಹಾಕಿ ಡ್ಯಾಮ್ಸೆಲನ್ನು ಹಿಡಿದ. ಹೊಸಬನನ್ನು ಹೊರಬಿಟ್ಟು ಹಳಬನನ್ನು ಅದೇ ಪೆಟ್ಟಿಗೆಯಲ್ಲಿ ಕೂಡಿಸಿದ! ಆಮೇಲೆ ಕೈತೊಳೆದು, ತೊಟ್ಟಿಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ತೆಗೆದು ಬೇರೆ ಬಗೆಯಲ್ಲಿ ಜೋಡಿಸಿದ. ಗವಿಯಿದ್ದಲ್ಲಿ ಬಯಲು, ಬಯಲಿದ್ದಲ್ಲಿ ಗವಿ. ಯಾಕಪ್ಪಾ ಎಂದು ಕೇಳಿದೆ. “ಮೀನಿಗೆ ಉತಾರ ಇಲ್ರಿ ಕಾಕಾ, ಕಲ್ಲ ಅದರ ಉತಾರ. ಕಲ್ಲ ಸರಿಸಿದ್ರ ಹೊಲಾ ಹೋತು” ಎಂದ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ರಾಯಬಾಗ, ಚಿಕ್ಕೋಡಿ, ಅಥಣಿ ತಾಲೂಕುಗಳ ದಂಡೆಯ ಊರುಗಳು ಮುಳುಗಿದ್ದು ನೆನಪಾಯಿತು. ನೀರಿಳಿದ ಮೇಲೆ ಒಡ್ಡು ಕೊಚ್ಚಿಹೋಗಿ ಯಾರ ಹೊಲ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಮೋಜಣಿಯವರನ್ನು ಕರೆಸಿದವರುಂಟು. ನಮ್ಮ ಹಕ್ಕು ಕಾಗದದಲ್ಲಿರುವುದರಿಂದ ಮಹಾಪೂರವೂ ಅದನ್ನು ಅಳಿಸಲಾರದು, ಜಗಳವನ್ನೂ ಅಳಿಸಲಾರದು. ಮೀನಿನ ಹಕ್ಕು ಕಲ್ಲಿನ ಆಕಾರದ ನೆನಪಿನಲ್ಲಷ್ಟೇ ಇದೆ. ಆ ರಾತ್ರಿ ದೀಪ ಆರಿಸಿದರು. ಕತ್ತಲಲ್ಲಿ ಫೈರ್‌ಫಿಶ್ ಬಲಮೂಲೆಯ ಒಂದು ಸಂದಿಯನ್ನು ಹುಡುಕಿಕೊಂಡಿತು. ಮೂರು ದಿನದ ಮೇಲೆ ಡ್ಯಾಮ್ಸೆಲನ್ನು ಬಿಟ್ಟಾಗ, ಅಪರಿಚಿತ ಊರಿಗೆ ಬಂದ ಬೀಗರಂತೆ ಅದೇ ಗೋಡೆ ಹಿಡಿದು ನಡೆಯಿತು. ಒಂದೆರಡು ಸಲ ಅಟ್ಟಿಸಿದ್ದು ಉಂಟು, ಕಚ್ಚಲಿಲ್ಲ.

ಇಷ್ಟಾದರೂ ಹುಡುಗನ ಪ್ರಶ್ನೆಯೊಂದು ಉಳಿದಿತ್ತು. “ಹಂಗಾದ್ರ ಹೊಳ್ಯಾಗ ಜಿಲೇಬಿ ಮೀನ ಹೊಸದಾಗಿ ಬಂದು ಹಳೇವನ್ನ ಹೆಂಗ ಓಡಸ್ತ್ರಿ ಕಾಕಾ?” ನ್ಯಾಯವಾದ ಪ್ರಶ್ನೆ. ಆಫ್ರಿಕ ಮೂಲದ ತಿಲಾಪಿಯವನ್ನು ೧೯೫೨ರಲ್ಲಿ, ಬಡವರಿಗೆ ಅಗ್ಗದ ಆಹಾರವಾಗಲೆಂದು, ಹೊರದೇಶದಿಂದ ತಂದರು. ಕೆರೆಗಳಿಂದ ಅದು ಹೊಳೆಗಳಿಗೆ ಇಳಿಯಿತು. ಅದರ ಗಂಡೂ ತಳದಲ್ಲಿ ಗುಂಡಿ ತೋಡಿ ಗಡಿ ಕಾಯುವಂಥದೇ. ಆದರೆ ಅದು ಗೆದ್ದದ್ದು ಹೊಡೆದಾಟದಿಂದಲ್ಲ, ಸಂಸಾರದಿಂದ. ತಾಯಿ ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟು ಕಾಪಾಡುತ್ತಾಳೆ, ವರ್ಷದಲ್ಲಿ ಹಲವು ಸಲ ಹಡೆಯುತ್ತಾಳೆ, ಕೊಳಕು ನೀರಾದರೂ ಸರಿ, ಉಪ್ಪುನೀರಾದರೂ ಸರಿ. ಸೋತ ತಿಲಾಪಿಯ ನಾಲ್ಕು ಮಾರು ಆಚೆ ಹೋಗಿ ಅಲ್ಲೊಂದು ಗುಂಡಿ ತೋಡುತ್ತದೆ. ಹೊಳೆಯಲ್ಲಿ ಆ ನಾಲ್ಕು ಮಾರು ಇದೆ, ಅದರಾಚೆ ಇನ್ನೂ ನಾಲ್ಕು ಮಾರು ಇದೆ. ತೊಟ್ಟಿಯಲ್ಲಿ ಹೊಸಬನನ್ನು ಕೊಲ್ಲುವ ಕೊರತೆ ಅಲ್ಲಿಲ್ಲ. ಅಲ್ಲಿ ಓಡಿಹೋಗಬೇಕಾದವರು ಹಳಬರೇ, ಅವರಿಗೆ ಹೋಗಲು ಬೇರೆ ಹೊಳೆಯಿಲ್ಲ.

ಮುಂದಿನ ತಿಂಗಳು ಹಳದಿ ಬಣ್ಣದ ಟ್ಯಾಂಗ್ ಮೀನು ತರಬೇಕೆಂದು ಹುಡುಗನ ಆಸೆ. ಜಗಳಗಂಟ ಮೀನುಗಳು ಕೊನೆಯಲ್ಲಿ ಬರಬೇಕೆಂಬ ನಿಯಮವನ್ನು ಈಗ ಅವನು ಬಲ್ಲ. ಅದಕ್ಕಾಗಿಯೇ ಇಷ್ಟು ದಿನ ಕಾದಿದ್ದಾನೆ. ಅದು ದಿನವಿಡೀ ಈಜುವ ಮೀನು, ಮೂರು ಅಡಿಯಲ್ಲಿ ಅದನ್ನು ಕೂಡಿಹಾಕಬೇಡವೆಂದು ನಾನು ಹೇಳಿದ್ದೇನೆ. ಹಾಗಾದರೆ ಐದು ಅಡಿಯ ತೊಟ್ಟಿ ಕೊಡಿಸಿರಿ ಎನ್ನುತ್ತಾನೆ. ವೈನಿಯವರು ಇನ್ನೂ ಒಪ್ಪಿಲ್ಲ.